ಫಾರ್ವರ್ಡ್ ಆಗಿ ಬಂದ ಹದೀಸನ್ನು ನಾನು ಪರೀಕ್ಷಿಸುವ ಬಗೆ

ಶುಕ್ರವಾರ ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹದೀಸ್‌ಗಳ, ಅಂದರೆ ನಬಿಯವರ (ಪ್ರವಾದಿ ಮುಹಮ್ಮದರ) ನಡೆನುಡಿಯ ವರದಿಗಳ ಸುರಿಮಳೆ. ಗುಲಾಬಿ ಹೂವಿನ ಚಿತ್ರ, ಅದರ ಮೇಲೆ 'ನಬಿಯವರು ಹೇಳಿದರು'. ಇದು ನಿಜಾನಾ ಅಂತ ನನ್ನನ್ನು ಕೇಳುತ್ತಾರೆ. ನಾನು ಆಲಿಮ್ (ಧಾರ್ಮಿಕ ವಿದ್ವಾಂಸ) ಅಲ್ಲ. ಬೆಂಗಳೂರಿನ ಟ್ಯಾನರಿ ರಸ್ತೆಯ ಒಂದು ಮಸೀದಿಯಲ್ಲಿ ಭಾನುವಾರ ಮಕ್ಕಳಿಗೆ ದೀನಿಯಾತ್ (ಧರ್ಮದ ಮೊದಲ ಪಾಠ) ಹೇಳಿಕೊಡುತ್ತೇನೆ, ಅಷ್ಟೇ.

ಮೊದಲು ಹದೀಸ್ ಇರುವ ಕಿತಾಬಿನ ಹೆಸರು ಕೇಳುತ್ತೇನೆ. ಸುಮ್ನೆ 'ಬುಖಾರಿ' (ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹ) ಅಂದರೆ ಸಾಲದು, ಅಧ್ಯಾಯವೂ ಬೇಕು. ನಂಬರ್ ಒಂದನ್ನೇ ನೆಚ್ಚಿಕೊಳ್ಳೋಕಾಗಲ್ಲ, ಮುದ್ರಣ ಬದಲಾದರೆ ಅದೂ ಬದಲಾಗುತ್ತದೆ. ಮಕ್ಕಳೆಲ್ಲ ಬಾಯಿಪಾಠ ಮಾಡುವ 'ಸಫಾಯಿ ಅರ್ಧ ಈಮಾನ್' (ಶುಚಿತ್ವ ಅರ್ಧ ವಿಶ್ವಾಸ) ಸಹೀಹ್ ಮುಸ್ಲಿಮ್ ಎನ್ನುವ ಸಂಗ್ರಹದ ತಹಾರತ್ (ಶುದ್ಧಿ) ಅಧ್ಯಾಯದಲ್ಲಿ ಮೊದಲಿಗೇ ಇದೆ. ಹಾಗೆ ಹುಡುಕಿದರೆ ಬೇಗ ಸಿಗುತ್ತದೆ.

ಆಮೇಲೆ ಸನದ್, ಅಂದರೆ ಯಾರಿಂದ ಯಾರು ಕೇಳಿದರು ಎನ್ನುವ ಸರಪಳಿ. ನನಗೆ ಜಾಸ್ತಿ ಇಷ್ಟವಾಗುವ ಭಾಗವೇ ಇದು. ಬುಖಾರಿಯ ಮೊದಲ ಹದೀಸನ್ನೇ ನೋಡಿ: 'ಕರ್ಮಗಳು ನಿಯ್ಯತ್ತಿನ (ಉದ್ದೇಶದ) ಮೇಲೆ ನಿಂತಿವೆ.' ಇದನ್ನು ನಬಿಯವರ ಸಂಗಾತಿ ಉಮರ್ ಮಿಂಬರಿನ (ಮಸೀದಿಯ ಪ್ರವಚನ ಪೀಠದ) ಮೇಲಿಂದ ಹೇಳಿದ್ದನ್ನು ಅಲ್ಕಮಾ ಕೇಳಿದರು. ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್, ಅವರಿಂದ ಯಹ್ಯಾ ಬಿನ್ ಸಯೀದ್. ಅಲ್ಲಿಯವರೆಗೆ ಒಂದೇ ಎಳೆ. ಯಹ್ಯಾರಿಂದ ಮುಂದೆ ಹತ್ತಾರು ಜನ. ಎಳೆ ಒಂದೇ ಆದರೂ ಅಷ್ಟೂ ಜನ ನಂಬಿಕಸ್ಥರು, ಹಾಗಾಗಿ ಇದು ಸಹೀಹ್, ಅಂದರೆ ಅಧಿಕೃತ. ಕ್ರಿ.ಶ. 870ರಲ್ಲಿ ತೀರಿಕೊಂಡ ಬುಖಾರಿಯವರು ಈ ಹೆಸರುಗಳನ್ನು ಬರೆದಿಡದಿದ್ದರೆ ಇವತ್ತು ಪರೀಕ್ಷೆ ಮಾಡೋದಾದರೂ ಹೇಗೆ?

'ಚೀನಾಕ್ಕಾದರೂ ಹೋಗಿ ಇಲ್ಮ್ (ಜ್ಞಾನ) ಕಲಿಯಿರಿ' ಎನ್ನುವುದಕ್ಕೆ ಅಂಥ ಗಟ್ಟಿ ಸನದ್ ಇಲ್ಲ. ಹದೀಸ್ ವಿದ್ವಾಂಸ ಇಬ್ನುಲ್ ಜೌಜಿ ಅದನ್ನು ಯಾರೋ ಕಟ್ಟಿದ ಸುಳ್ಳು ಹದೀಸ್‌ಗಳ ಸಾಲಿಗೇ ಸೇರಿಸಿದ್ದಾರೆ. 'ಇಲ್ಮ್ ಕಲಿಯುವುದು ಪ್ರತಿ ಮುಸ್ಲಿಮನ ಮೇಲೆ ಫರ್ಜ್ (ಕಡ್ಡಾಯ)' ಅನ್ನೋದು ಇಬ್ನ್ ಮಾಜಾ ಎನ್ನುವ ಹದೀಸ್ ಸಂಗ್ರಹದಲ್ಲಿದೆ, ನಾನು ಅದನ್ನು ಕಳಿಸುತ್ತೇನೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಅಂದರೆ, ನಮಾಜ್ ಮಾಡಿ ಎಂದು ಕುರ್‌ಆನ್ ಹೇಳುತ್ತದೆ. ಆದರೆ ಜುಹರ್‌ಗೆ (ಮಧ್ಯಾಹ್ನದ ನಮಾಜ್‌ಗೆ) ನಾಲ್ಕು ರಕಾತ್ (ನಮಾಜ್‌ನ ಸುತ್ತು) ಫರ್ಜ್, ಮಗ್ರಿಬ್‌ಗೆ (ಸಂಜೆಯದಕ್ಕೆ) ಮೂರು ಅನ್ನೋದು ನಮಗೆ ಗೊತ್ತಾಗುವುದು ಹದೀಸ್‌ಗಳಲ್ಲಿ ಬಂದಿರುವ ನಬಿಯವರ ಸುನ್ನತ್‌ನಿಂದ, ಅಂದರೆ ಅವರ ನಡೆಯಿಂದ. ಜಯೀಫ್ (ಸನದ್ ದುರ್ಬಲವಾದ) ಹದೀಸಿನ ವಿಷಯದಲ್ಲಿ ಉಲಮಾಗಳಲ್ಲೇ (ವಿದ್ವಾಂಸರಲ್ಲೇ) ಭಿನ್ನಾಭಿಪ್ರಾಯವಿದೆ. ಒಳ್ಳೆ ಕೆಲಸಕ್ಕೆ ಹುರಿದುಂಬಿಸಲು ಷರತ್ತಿನ ಮೇಲೆ ಹೇಳಬಹುದು ಎನ್ನುವವರಿದ್ದಾರೆ. ಹಲಾಲ್-ಹರಾಮ್ ತೀರ್ಮಾನಕ್ಕೆ ಅದು ಸಾಲದು. ಅಂಥದ್ದು ಬಂದರೆ ನಾನು ಬಾಯಿ ಹಾಕಲ್ಲ, ನಮ್ಮ ಮಸೀದಿಯ ಹಜರತ್‌ರನ್ನು (ಧರ್ಮಗುರುಗಳನ್ನು) ಕೇಳುತ್ತೇನೆ.

ಮಾಮು ಒಮ್ಮೆ ಸಿಟ್ಟಾದರು. "ಒಳ್ಳೆ ಮಾತೇ ಅಲ್ವೇನೋ, ಕಳಿಸಿದ್ರೆ ಏನು ನಷ್ಟ?"

"ಮಾತು ಒಳ್ಳೇದೇ ಮಾಮು. ನಬಿಯವರ ಹೆಸರು ತೆಗೆದು ಕಳಿಸಿ."