ಸದ್ದು ಜೋರು, ಗಾಳಿ ಮಾತ್ರ ಇಲ್ಲ: ಫೈರ್‌ಪ್ಲೇಸ್ ಬ್ಲೋವರ್ ಬಿಚ್ಚಿದ ನನ್ನ ಅನುಭವ

ನಮ್ಮ ಸೌದೆ ಫೈರ್‌ಪ್ಲೇಸ್‌ನ ಬ್ಲೋವರ್ ಈ ಸಲ ಚಳಿ ಶುರುವಾಗ್ತಿದ್ದ ಹಾಗೇ ಕೈ ಕೊಡ್ತು. ಪೂರ್ತಿ ನಿಂತೋಗಿದ್ರೆ ಹೊಸದು ಹಾಕಿ ಸುಮ್ನಾಗ್ಬಹುದಿತ್ತು, ಇದು ತಿರುಗ್ತಾ ಇತ್ತು, ಸದ್ದೂ ಚೆನ್ನಾಗೇ ಮಾಡ್ತಿತ್ತು, ಮೇಲಿನ ಜಾಲರಿ ಹತ್ರ ಕೈ ಇಟ್ರೆ ಮಾತ್ರ ಮಗು ಉಸಿರು ಬಿಟ್ಟಷ್ಟು ಗಾಳಿ. ಬೆಂಕಿ ಧಗಧಗ ಉರೀತಿದೆ, ಸ್ವಲ್ಪ ದೂರ ಕೂತವ್ರು ಶಾಲು ಹೊದ್ಕೊಂಡಿದಾರೆ.

ಒಂದು ವಿಷ್ಯ ನಾನೇ ಬಹಳ ದಿನ ತಪ್ಪು ತಿಳ್ಕೊಂಡಿದ್ದೆ. ಈ ಬ್ಲೋವರ್ ಕಮ್ಮಾರನ ತಿದಿ ಥರ ಬೆಂಕಿಗೆ ಊದೋದಲ್ಲ. ರೂಮಿನ ತಣ್ಣನೆ ಗಾಳೀನ ಕೆಳಗಿಂದ ಎಳ್ಕೊಂಡು, ಬೆಂಕಿ ಉರಿಯೋ ಪೆಟ್ಟಿಗೆಯ ಹೊರಗೋಡೆ ಸುತ್ತ ಇರೋ ಸಂದಿಯಲ್ಲಿ ಹಾಯಿಸಿ, ಬಿಸಿಯಾದ್ಮೇಲೆ ವಾಪಸ್ ರೂಮಿಗೇ ಬಿಡುತ್ತೆ. ಹೊಗೆಗೂ ಈ ಗಾಳಿಗೂ ಸಂಬಂಧನೇ ಇರ್ಬಾರ್ದು. ಬರೋ ಗಾಳಿಯಲ್ಲಿ ಹೊಗೆ ವಾಸನೆ ಇದ್ರೆ ಪೆಟ್ಟಿಗೆ ಎಲ್ಲೋ ಬಿರುಕು ಬಿಟ್ಟಿರ್ಬಹುದು, ಆಗ ಬ್ಲೋವರ್ ರಿಪೇರಿ ಎಲ್ಲ ಪಕ್ಕಕ್ಕಿಟ್ಟು ಬೆಂಕಿ ಹಾಕೋದನ್ನೇ ನಿಲ್ಲಿಸಿ ತಿಳಿದವ್ರನ್ನ ಕರೀಬೇಕು, ಕಾರ್ಬನ್ ಮೊನಾಕ್ಸೈಡ್ ಜೊತೆ ಹುಡುಗಾಟ ಬೇಡ.

ಮೊದಲ ಸಂಜೆ ನಾನು ಹಾಳು ಮಾಡಿದ್ದು ಟೆಂಪರೇಚರ್ ಸ್ವಿಚ್ ಮೇಲೆ. ನಾಣ್ಯದಷ್ಟಗಲ ಇರುತ್ತೆ, ಪೆಟ್ಟಿಗೆಗೆ ತಾಗ್ಕೊಂಡಿರುತ್ತೆ, ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದ್ರೆ ಟಕ್ ಅಂತ ಕರೆಂಟ್ ಬಿಡುತ್ತೆ, 32ರ ಹತ್ರ ಇಳಿದ್ರೆ ಕಟ್ ಮಾಡುತ್ತೆ. ಅದನ್ನ ಬಿಚ್ಚಿ ಉಜ್ಜಿ ವಾಪಸ್ ಹಾಕಿ, ಮತ್ತೆ ಬಿಚ್ಚಿ, ಕೊನೆಗೆ ತಲೆಗೆ ಹೊಳೀತು: ಈ ಸ್ವಿಚ್‌ಗೆ ಅರ್ಧ ಆನ್ ಅನ್ನೋದೇ ಇಲ್ವಲ್ಲ! ಬ್ಲೋವರ್ ಶುರುನೇ ಆಗ್ತಿಲ್ಲ ಅಂದ್ರೆ ಅದನ್ನ ಅನುಮಾನಿಸ್ಬೇಕು, ಗಾಳಿ ಕಮ್ಮಿ ಅಂದ್ರೆ ಅಲ್ಲ. ಸ್ಪೀಡ್ ರೆಗ್ಯುಲೇಟರ್ ಮೇಲೂ ಅನುಮಾನ ಇತ್ತು, ಅದನ್ನ ತಪ್ಪಿಸಿ ಮೋಟರ್‌ಗೆ ನೇರ ವೈರ್ ಕೊಟ್ಟು ನೋಡ್ದೆ, ಅದೇ ಕಥೆ.

ಆಮೇಲೆ ಸುಮ್ನೆ ಕೂತು ಸದ್ದು ಕೇಳಿಸ್ಕೊಂಡೆ, ಮೊದಲೇ ಮಾಡ್ಬೇಕಿತ್ತು ಇದನ್ನ. ವ್ಯಾಕ್ಯೂಮ್ ಕ್ಲೀನರ್ ಪೈಪಿಗೆ ಕೈ ಅಡ್ಡ ಇಟ್ರೆ ಸದ್ದು ಸಣ್ಣಗೆ ಏರುತ್ತಲ್ಲ, ಅದೇ ಥರ ಕೀಚಲು ಸದ್ದು. ಬ್ಲೋವರ್ ಒಳಗಿರೋ ಪಂಜರದಂಥ ಫ್ಯಾನ್‌ಗೆ ಗಾಳಿ ಸಿಗ್ದಿದ್ರೆ ಮೋಟರ್‌ಗೆ ಭಾರ ಕಮ್ಮಿಯಾಗಿ ಅದು ಇನ್ನೂ ಜೋರಾಗೇ ತಿರುಗುತ್ತೆ. ಬದಲಿಗೆ ಗುಂಯ್ ಅಂತ ದಪ್ಪ ಸದ್ದು ಬಂದು ನಿಧಾನಕ್ಕೆ ತಿರುಗಿದ್ರೆ ಬೇರಿಂಗ್ ಬಿಗಿಯಾಗಿದೆ ಅಂತ ಲೆಕ್ಕ.

ಬೆಂಕಿ ಆರಿ ಪೂರ್ತಿ ತಣ್ಣಗಾದ್ಮೇಲೆ, ಪ್ಲಗ್ ಕಿತ್ತು, ವೈರ್‌ಗಳ ಫೋಟೋ ತೆಕ್ಕೊಂಡು ಬ್ಲೋವರ್ ಹೊರಗೆಳೆದೆ. ಪಂಜರದ ಒಂದೊಂದು ಎಲೆ ಮಧ್ಯನೂ ಬಟ್ಟೆ ನಾರು, ನಾಯಿ ಕೂದ್ಲು, ನುಣ್ಣನೆ ಬೂದಿ ಎಲ್ಲ ಸೇರಿ ಕಂಬಳಿ ಥರ ಗಟ್ಟಿಯಾಗಿ ಕೂತಿತ್ತು, ಎಲೆಗಳ ಬಾಗು ಕಾಣ್ತಾನೇ ಇರ್ಲಿಲ್ಲ. ಬಾಗು ಮುಚ್ಚೋದ್ರೆ ಅದು ಗಾಳಿ ತಳ್ಳೋದಾದ್ರೂ ಹೇಗೆ? ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ಒಂದೂವರೆ ಗಂಟೆ ಕೂತು ಕೆದಕಿದೆ. ಎಲೆ ಮೇಲೆ ಒಂದು ಸಣ್ಣ ಲೋಹದ ಕ್ಲಿಪ್ ಇತ್ತು, ಕಸ ಅಂತ ಕೀಳೋಕೆ ಹೋಗಿದ್ದೆ, ಅದು ಬ್ಯಾಲೆನ್ಸ್‌ಗೆ ಹಾಕಿರೋ ತೂಕ, ಕಿತ್ರೆ ಇಡೀ ಬ್ಲೋವರ್ ಗಡಗಡ ನಡುಗುತ್ತೆ.

ಕೈಯಲ್ಲಿ ತಿರುಗಿಸಿ ಬಿಟ್ರೆ ಒಂದು ಸುತ್ತಿಗೇ ನಿಂತೋಗ್ತಿತ್ತು. ಅಂದ್ರೆ ಬೇರಿಂಗೂ ಒಣಗಿತ್ತು. ನನ್ನ ಮೋಟರ್‌ನಲ್ಲಿ ಎಣ್ಣೆ ಬಿಡೋಕೆ ತೂತಿತ್ತು, ಎಲೆಕ್ಟ್ರಿಕ್ ಮೋಟರ್‌ಗೆ ಅಂತನೇ ಬರೋ ತೆಳು ಎಣ್ಣೆ ಎರಡೆರಡು ಹನಿ ಬಿಟ್ಟೆ. ಸೀಲ್ ಆಗಿರೋ ಬಾಲ್ ಬೇರಿಂಗ್ ಆದ್ರೆ ಎಣ್ಣೆ ಬಿಡೋ ಹಾಗಿಲ್ಲ, ತುಕ್ಕು ಬಿಡ್ಸೋ ಸ್ಪ್ರೇ ಅಂತೂ ಯಾವ್ದಕ್ಕೂ ಬೇಡ, ಒಂದು ವಾರ ಚೆನ್ನಾಗಿದ್ದು ಇದ್ದ ಎಣ್ಣೇನೂ ತೊಳ್ಕೊಂಡ್ ಹೋಗುತ್ತೆ.

ಎಲ್ಲ ಜೋಡ್ಸಿ ಬೆಂಕಿ ಹಾಕಿ ಅರ್ಧ ಗಂಟೆ ಕಾದೆ. ಬ್ಲೋವರ್ ಮಿಸುಕಾಡ್ಲಿಲ್ಲ! ಹೆಂಡ್ತಿ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯೋಕಾಗಲ್ಲ. ಆಮೇಲೆ ಟಾರ್ಚ್ ಹಾಕಿ ನೋಡಿದ್ರೆ, ಮೊದಲ ದಿನ ನಾನು ಸುಮ್ಸುಮ್ನೆ ಬಿಚ್ಚಿ ಹಾಕಿದ್ದ ಆ ಸ್ವಿಚ್ ಪೆಟ್ಟಿಗೆಯಿಂದ ಬೆರಳಷ್ಟು ದೂರ ಜೋತಾಡ್ತಿತ್ತು, ಅದಕ್ಕೆ ಬಿಸಿನೇ ತಾಗ್ತಿಲ್ಲ. ಮಾರನೇ ದಿನ ತಣ್ಣಗಾದ್ಮೇಲೆ ಒತ್ತಿ ಕೂರ್ಸಿದೆ.

ಈಗ ಜಾಲರಿ ಮುಂದೆ ಪೇಪರ್ ಹಿಡಿದ್ರೆ ಹಾರುತ್ತೆ. ಒಂದು ಕೊರತೆ ಉಳ್ಕೊಂಡಿದೆ, ರೆಗ್ಯುಲೇಟರ್ ಪೂರ್ತಿ ಕಮ್ಮಿ ಇಟ್ಟು ಆನ್ ಮಾಡಿದ್ರೆ ಗುಂಯ್ ಅಂತ ಕೂತ್ಬಿಡುತ್ತೆ, ತಿರುಗಲ್ಲ. ಹಾಗಾಗಿ ಸದ್ಯಕ್ಕೆ ಮೊದ್ಲು ಫುಲ್ ಇಟ್ಟು, ತಿರುಗೋಕೆ ಶುರುವಾದ್ಮೇಲೆ ಕಮ್ಮಿ ಮಾಡ್ಕೊಳ್ತಿದೀನಿ.