ನಸುಗುನ್ನಿ: ಸುಂಕು ಸುಟ್ಟು ಬೀಜ ಉಳಿಸಿದ ನನ್ನ ಅನುಭವ

ಖಾನಾಪುರದ ಕಡೆಯ ನಮ್ಮ ಹೊಲದ ಬೇಲಿಗೆ ಮುಟ್ಟಿದರೆ ಮೈ ತುರಿಸುವ ನಸುಗುನ್ನಿ ಬಳ್ಳಿ ಹಬ್ಬಿದ್ದರೆ ಆಳುಗಳು ಅತ್ತ ಸುಳಿಯುತ್ತಿರಲಿಲ್ಲ. ಅದರ ಬೀಜವನ್ನು ಔಷಧಿಗೆಂದು ಶುದ್ಧಿ ಮಾಡಿ ಮಾರುತ್ತೇನೆಂದಾಗ ನಮ್ಮ ಕಾಕಾ, ‘ತುರಿಸಿಕೊಳ್ಳಾಕ ರೊಕ್ಕಾ ಕೊಟ್ಟು ಆಳ ಹಚ್ಚತಿಯೇನಪಾ?’ ಎಂದು ನಕ್ಕಿದ್ದರು.

ಮೊದಲ ವರ್ಷ ಕಾಯಿಗಳನ್ನು ಮಾಳಿಗೆಯ ಮೇಲೆ ಒಣಹಾಕಿದ್ದೇ ತಪ್ಪಾಯಿತು. ಮಧ್ಯಾಹ್ನದ ಗಾಳಿಗೆ ಹಾರಿದ ಸುಂಕು, ಅಂದರೆ ಕಾಯಿಯ ಮೇಲಿನ ನವೆಯ ರೋಮ, ಹಾಸಿಗೆ, ಸೀರೆ, ಎತ್ತಿನ ಕೊರಳು ಯಾವುದನ್ನೂ ಬಿಡಲಿಲ್ಲ. ನೀರು ಹಾಕಿ ಉಜ್ಜಿಕೊಂಡವರಿಗೆ ನವೆ ಇಮ್ಮಡಿಯಾಯಿತು. ಕೊನೆಗೆ ಅವ್ವ ಎಲ್ಲರ ಕೈಗೂ ಸಗಣಿ ಬಳಿದು, ಒಣಗಿದ ಹಕ್ಕಳೆಯೊಂದಿಗೆ ಸುಂಕನ್ನು ಕಿತ್ತು ತೆಗೆದಳು.

ಹಿಮಾಲಯದ ಜನ ತಮ್ಮಲ್ಲಿಯ ಚುಚ್ಚುವ ‘ಬಿಚ್ಚು ಘಾಸ್’ ಸೊಪ್ಪನ್ನು ಕುದಿಸಿ ಪಲ್ಯ ಮಾಡಿ ಉಣ್ಣುತ್ತಾರೆ, ಕೀಲುನೋವಿಗೂ ಬಳಸುತ್ತಾರೆ. ಕುದಿಸಿದರೆ ಅದರ ಚುಚ್ಚು ಸಾಯುತ್ತದೆಂಬ ಲೆಕ್ಕದ ಮೇಲೆ ಎರಡನೆಯ ವರ್ಷ ನಾನೂ ಕಾಯಿಗಳನ್ನು ಹಂಡೆಯಲ್ಲಿ ಕುದಿಸಿದೆ. ನವೆಯೇನೋ ಹೋಯಿತು, ಆದರೆ ಬೀಜ ಉಬ್ಬಿ, ಸಿಪ್ಪೆ ಬಿರಿದು, ಚೀಲದಲ್ಲಿಯೇ ಬೂಸ್ಟು ಹಿಡಿಯಿತು. ನಲವತ್ತು ಕಿಲೋದಷ್ಟು ಮಾಲನ್ನು ಖರೀದಿದಾರರು ಹಿಂದಕ್ಕೆ ಕಳಿಸಿ ಬಾಡಿಗೆಯನ್ನೂ ನನ್ನ ತಲೆಗೇ ಕಟ್ಟಿದರು. ಒಟ್ಟು 6,000 ರೂಪಾಯಿ ಹೋಗಿರಬೇಕು.

ಮೂರನೆಯ ವರ್ಷ ನಸುಕಿನಲ್ಲಿ, ಇಬ್ಬನಿಗೆ ಸುಂಕು ನೆನೆದು ಹಾರದಿರುವಾಗಲೇ ಕಾಯಿ ಕಿತ್ತು, ಕಣದಲ್ಲಿ ಕಬ್ಬಿನ ರವದಿಯ ಉರಿಯ ಮೇಲೆ ಕಬ್ಬಿಣದ ಜಾಳಿಗೆಯಲ್ಲಿಟ್ಟು ಆಡಿಸಿದೆ. ಕಾಯಿಯ ಮೇಲಿನ ಕೆಂಚು ಮಖಮಲ್ಲು ಚುರ್ರೆಂದು ಕರಗಿ, ಕೂದಲು ಸುಟ್ಟ ವಾಸನೆ ಬಂದೊಡನೆ ಜಾಳಿಗೆಯನ್ನು ಎತ್ತಿಬಿಡಬೇಕು; ಅರೆಕ್ಷಣ ತಡವಾದರೂ ಒಳಗಿನ ಬೀಜ ಕಾಯುತ್ತದೆ. ಬೆಂಕಿ ತಾಗಿದ ಬೀಜದಲ್ಲಿ ಸತ್ವವಿರದು ಎಂದು ಪರಿಚಯದ ವೈದ್ಯರೇ ಹೇಳಿದ್ದರು. ಪರೀಕ್ಷೆಗೆ ಕಳಿಸಿದಾಗ ಬೀಜದ ಔಷಧಿ ಸತ್ವವಾದ ಎಲ್-ಡೋಪಾ ಪ್ರತಿಶತ ನಾಲ್ಕರ ಆಸುಪಾಸಿನಲ್ಲಿ ಬಂದಿತು. ವರದಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಶೋಧನೆಗೆ, ಅಂದರೆ ಔಷಧಿಗಾಗಿ ಶುದ್ಧಿ ಮಾಡಲು, ಬೀಜವನ್ನು ಅರಿವೆಯಲ್ಲಿ ಗಂಟು ಕಟ್ಟಿ ಆಕಳ ಹಾಲಿನಲ್ಲಿ ತೂಗುಬಿಟ್ಟು ಮೂರು ತಾಸು ಬೇಯಿಸುತ್ತೇನೆ. ಗಂಟು ತಳಕ್ಕೆ ತಾಗಿ ಎರಡು ಸಲ ಹಾಲು ಸೀದು ಇಡೀ ಪಾತ್ರೆ ಚೆಲ್ಲಬೇಕಾಯಿತು. ಗಂಟಿನೊಳಗೆ ಬೀಜದ ಜೊತೆ ಇನ್ನೊಂದು ವಸ್ತು ಹಾಕುತ್ತೇನೆ. ಅದರ ಹೆಸರನ್ನು ಇಲ್ಲಿ ಬರೆಯಲಾರೆ. ಹತ್ತು ಕಿಲೋ ಬೀಜಕ್ಕೆ ಇಪ್ಪತ್ತು ಲೀಟರ್ ಹಾಲು, ಅಂದರೆ ಸಾವಿರ ರೂಪಾಯಿ. ಸಿಪ್ಪೆ ಸುಲಿದು ಒಣಗಿಸಿದರೆ ಎಂಟೂವರೆ ಕಿಲೋ ಉಳಿದೀತು. ಕಚ್ಚಾ ಬೀಜಕ್ಕೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಿಲೋಗೆ ಎಂಬತ್ತು ರೂಪಾಯಿ ಕೇಳುವವರೇ ಕಡಿಮೆ. ನನ್ನ ಚೂರ್ಣ ನಾಲ್ಕು ನೂರಕ್ಕೆ ಹೋಗುತ್ತಿದೆ. ಕೈಕಾಲು ನಡುಗುವ ಕಂಪವಾತಕ್ಕೆ (ಪಾರ್ಕಿನ್ಸನ್) ಆಸ್ಪತ್ರೆಯ ಗುಳಿಗೆ ನುಂಗುತ್ತಿರುವವರಿಗೆ ಮಾತ್ರ ತಮ್ಮ ಡಾಕ್ಟರರನ್ನು ಕೇಳದೆ ಕೊಡುವುದಿಲ್ಲ, ಏಕೆಂದರೆ ಆ ಗುಳಿಗೆಯಲ್ಲಿಯೂ ಬಹುಪಾಲು ಇದೇ ಎಲ್-ಡೋಪಾ ಇರುತ್ತದೆ.

ನವೆಯಿಲ್ಲದ ತಳಿಯನ್ನು ಈ ಮುಂಗಾರಿಗೆ ಗೋವಿನಜೋಳದ ಸಾಲುಗಳ ನಡುವೆ ಒಂದು ಕಿಲೋದಷ್ಟು ಊರಿದ್ದೇನೆ. ಬೀಜಕ್ಕೆ ಬೆಲೆ ಸಿಗದಿದ್ದರೂ ಬಳ್ಳಿಯನ್ನು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸಬಹುದು. ಸದ್ಯಕ್ಕೆ ಬಳ್ಳಿ ಮೊಣಕಾಲೆತ್ತರಕ್ಕೆ ಬಂದಿದೆ.