ಅಡ್ವಾನ್ಸ್ ಡೈರೆಕ್ಟಿವ್: ಡಿಸ್ಚಾರ್ಜ್ ದಿನ ಬರೆಸಬೇಡಿ

ಮಾನಸಿಕ ಕಾಯಿಲೆ ಮರುಕಳಿಸಿ ತಾನೇ ನಿರ್ಧರಿಸಲಾಗದಂತಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡುವ ಕಾಗದವೇ ಅಡ್ವಾನ್ಸ್ ಡೈರೆಕ್ಟಿವ್, ಅಂದರೆ ಮುಂಗಡ ನಿರ್ದೇಶನ. "ಮನೆಯವರು ಹೇಳಿದ್ದೇ ನಡೆಯೋದು, ಈ ಕಾಗದ ಯಾರು ನೋಡ್ತಾರೆ?" ಅಂದಿದ್ದ ಸಹೋದ್ಯೋಗಿಗಳೇ ಈಗ ನನ್ನ ನಮೂನೆಯ ಜೆರಾಕ್ಸ್ ಕೇಳಿ ಒಯ್ಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇನಲ್ಲಿ ಜಾರಿಗೆ ಬಂದಮೇಲೆ ಸುಮಾರು 60 ಮುಂಗಡ ನಿರ್ದೇಶನ ಬರೆಸಿದ್ದೇನೆ. ಮೊದಲ 20 ಹೆಚ್ಚುಕಡಿಮೆ ವ್ಯರ್ಥವಾದವು.

ತಪ್ಪಿದ್ದು ಸಮಯದಲ್ಲಿ. ಡಿಸ್ಚಾರ್ಜ್ ಆಗುವ ಹೊತ್ತಿಗೆ ಬಿಲ್ಲಿನ ಗಡಿಬಿಡಿ, ಪಕ್ಕದಲ್ಲಿ ಅಪ್ಪ ಅಥವಾ ಅಣ್ಣ. ಅವರ ಮಾತೇ ಕಾಗದಕ್ಕೆ ಇಳಿಯುತ್ತಿತ್ತು. ಬರೆಯುವಾಗ ನಿರ್ಧಾರ ಮಾಡುವ ಸಾಮರ್ಥ್ಯ ಇರಲಿಲ್ಲವೆಂದು ಸಂಬಂಧಿಕರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ (ಇಂಥ ಕಾಗದವನ್ನು ಬದಲಿಸುವ, ರದ್ದು ಮಾಡುವ ಅಧಿಕಾರ ಇದಕ್ಕಿದೆ) ಅರ್ಜಿ ಹಾಕಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಈಗ ಓಪಿಡಿಗೆ ಬರತೊಡಗಿ 6–8 ವಾರ ಕಳೆದಮೇಲೆ, 40 ನಿಮಿಷದ ಎರಡು ಸಿಟ್ಟಿಂಗ್. ಮೊದಲನೆಯದಕ್ಕೆ ಮನೆಯವರಿಗೆ ಪ್ರವೇಶವಿಲ್ಲ. ಸಹಿ ಹಾಕಿದ ದಿನವೇ ವೈದ್ಯರು ಕೇಸ್ ಫೈಲಿನಲ್ಲಿ ಮೂರು ಸಾಲು ಬರೆಯಬೇಕು: ಮಾಹಿತಿ ಅರ್ಥವಾಗಿದೆ, ಪರಿಣಾಮ ಗೊತ್ತಿದೆ, ನಿರ್ಧಾರವನ್ನು ಹೇಳಬಲ್ಲರು. ನನ್ನ ಕಾಗದಗಳನ್ನು ಉಳಿಸಿದ್ದು ಈ ಮೂರು ಸಾಲು.

ಒಕ್ಕಣೆ ಇನ್ನೂ ಮುಖ್ಯ. "ಇಂಜೆಕ್ಷನ್ ಬೇಡ" ಅಂತ ಬರೆದರೆ ರಾತ್ರಿಪಾಳಿಯ ಡಾಕ್ಟರಿಗೆ ದಾರಿಯೇ ಉಳಿಯುವುದಿಲ್ಲ, ಅವರು ಕಾಗದ ಪಕ್ಕಕ್ಕಿಡುತ್ತಾರೆ. "ಹ್ಯಾಲೋಪೆರಿಡಾಲ್‌ನಿಂದ ಕತ್ತು ತಿರುಚಿಕೊಂಡಿತ್ತು, ಬೇಡ, ಲೋರಾಜೆಪಾಮ್ ಆಗಬಹುದು, ಹ್ಯಾಲೋಪೆರಿಡಾಲ್ ಕೊಡಲೇಬೇಕಾದರೆ ಪ್ರೊಮೆಥಜಿನ್ ಜೊತೆಗೆ" ಎಂದು ಬರೆಸಿ. (ಹ್ಯಾಲೋಪೆರಿಡಾಲ್ ಮನೋವಿಕಾರದ ಔಷಧ, ಲೋರಾಜೆಪಾಮ್ ಶಾಂತಗೊಳಿಸುವ ಔಷಧ, ಪ್ರೊಮೆಥಜಿನ್ ಕತ್ತು ತಿರುಚದಂತೆ ತಡೆಯಲು.) ಬ್ರ್ಯಾಂಡ್ ಹೆಸರು ಬೇಡ, ಔಷಧದ ಮೂಲ ಹೆಸರೇ ಇರಲಿ. ಒಲಾಂಜಪಿನ್ ಇಂಜೆಕ್ಷನ್ನನ್ನೂ ಲೋರಾಜೆಪಾಮ್ ಇಂಜೆಕ್ಷನ್ನನ್ನೂ ಒಂದೇ ಸಾಲಿನಲ್ಲಿ ಬರೆಯಲೇಬೇಡಿ. ಒಟ್ಟಿಗೆ ಕೊಟ್ಟರೆ ಬಿಪಿ, ಉಸಿರು ಎರಡೂ ಕುಸಿಯಬಹುದು. ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ವಿಷಯದಲ್ಲೂ ಷರತ್ತು ಹಾಕಿಸುತ್ತೇನೆ: ಅನ್ನನೀರು ಬಿಟ್ಟು ಕ್ಯಾಟಟೋನಿಯಾ (ಮಾತು, ಚಲನೆ ನಿಂತು ಮರಗಟ್ಟಿದಂತಾಗುವ ಸ್ಥಿತಿ) ಆಗಿ, ಲೋರಾಜೆಪಾಮ್‌ಗೂ ಬಗ್ಗದಿದ್ದರೆ ಮಾತ್ರ. ಬೇಡವೇ ಬೇಡ ಎನ್ನುವವರದ್ದು ಹಾಗೆಯೇ ಬರೆಯುತ್ತೇನೆ, ವಾದಿಸುವುದಿಲ್ಲ.

ನಾಮನಿರ್ದೇಶಿತ ಪ್ರತಿನಿಧಿಯಾಗಿ, ಅಂದರೆ ಕಾಯಿಲೆಯ ಹೊತ್ತಿನಲ್ಲಿ ಚಿಕಿತ್ಸೆಯ ನಿರ್ಧಾರಕ್ಕೆ ನೆರವಾಗುವವರಾಗಿ, ದುಬೈಯಲ್ಲಿರುವ ಮಗನ ಹೆಸರು ಹಾಕಿಸಿ ಕೆಟ್ಟೆ, ಫೋನ್ ಸಿಗಲಿಲ್ಲ. ಈಗ ಇಬ್ಬರ ಹೆಸರು, ಕ್ರಮವಾಗಿ. ಮೊದಲನೆಯವರು ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟುವಂತಿರಬೇಕು, ಒಪ್ಪಿಗೆಯ ಸಹಿಯನ್ನೂ ಹಾಕಿರಬೇಕು. ಸಾಕ್ಷಿಗಳು ಇಬ್ಬರು. ಸ್ಟಾಂಪ್ ಪೇಪರ್, ನೋಟರಿ ಅಂತ 500 ರೂಪಾಯಿ ಸುರಿಯುವವರಿದ್ದಾರೆ, ಅದರ ಅಗತ್ಯವಿಲ್ಲ. ನನಗೆ ಜೆರಾಕ್ಸ್, ಲ್ಯಾಮಿನೇಶನ್ ಸೇರಿ ಒಬ್ಬರಿಗೆ 80–100 ರೂಪಾಯಿ ಬೀಳುತ್ತದೆ. ನಿರ್ದೇಶನದ ಪ್ರತಿ ಕೊಡದಿದ್ದರೆ ಅದನ್ನು ಪಾಲಿಸದ ವೈದ್ಯರನ್ನು ಕಾನೂನು ಹೊಣೆ ಮಾಡುವುದಿಲ್ಲ. ಹಾಗಾಗಿ ಒಂದು ಫೈಲಿಗೆ, ಒಂದು ಪ್ರತಿನಿಧಿಗೆ, ಚಿಕ್ಕ ಕಾರ್ಡು ಮೊಬೈಲ್ ಕವರಿನೊಳಗೆ.

ವಿಡಿಯೋ ಮಾಡಿಸಿಯೂ ನೋಡಿದೆ. ಸಹಿಯ ಕಾಗದಕ್ಕೆ ಅದು ಬದಲಿಯಲ್ಲ, ಆದರೆ ಮಗಳ ಬಾಯಿಂದಲೇ ಕೇಳಿದಾಗ ತಾಯಂದಿರು ಮೆತ್ತಗಾಗುತ್ತಾರೆ. ಇನ್ನೊಂದು ಹಾಳೆ ಸೇರಿಸಿದೆ: ಆಸ್ಪತ್ರೆ ಸೇರಿದರೆ ಹಸು ಕರೆಯುವವರು ಯಾರು, ಅಂಗಡಿ ಬೀಗ ಯಾರ ಕೈಗೆ, ಕೆಲಸದ ಕಡೆ ಏನು ಹೇಳಬೇಕು. ಕಾಯ್ದೆ ಇದನ್ನು ಕೇಳುವುದಿಲ್ಲ. ಜನ ಮೊದಲು ತುಂಬಿಸುವುದು ಮಾತ್ರ ಇದನ್ನೇ. ಸಿಟ್ಟಿಂಗ್‌ನಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಓದಿ ಒಪ್ಪಿಸಿದರೆ ಅದು ಕೆಲಸ ಮಾಡದು.

ತುರ್ತು ಚಿಕಿತ್ಸೆಗೆ, ಅಂದರೆ ಹೆಚ್ಚೆಂದರೆ 72 ಗಂಟೆಯವರೆಗೆ, ಈ ನಿರ್ದೇಶನ ಅನ್ವಯಿಸುವುದಿಲ್ಲ. ಸಹಿಗೆ ಮುಂಚೆಯೇ ಇದನ್ನು ಬಿಡಿಸಿ ಹೇಳಿ. ಆಮೇಲೆ ಗೊತ್ತಾದರೆ ಮೋಸ ಹೋದೆವೆಂದು ಅವರು ನಮ್ಮ ಹತ್ತಿರ ಮತ್ತೆ ಬರುವುದೇ ಇಲ್ಲ.